ಬೆಡ್‌ರೂಮಿನ ಸೀಲಿಂಗಿಗೆ ಹನ್ನೆರಡು ಲೈಟು ಬೇಕಾ?

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ಹೊಸ ಫ್ಲ್ಯಾಟ್ ತೆಗೆದುಕೊಂಡಿದ್ದೇವೆ, ಮೇಲಿನ ಕೊನೆಯ ಮಹಡಿ. ಬೆಡ್‌ರೂಮು ಪೂರ್ವ-ಪಶ್ಚಿಮ 12 ಅಡಿ, ಉತ್ತರ-ದಕ್ಷಿಣ 11 ಅಡಿ, ನೆಲದಿಂದ ಸ್ಲ್ಯಾಬಿಗೆ ಒಂಬತ್ತೂವರೆ ಅಡಿ. ದಕ್ಷಿಣದ ಗೋಡೆಗೆ ತಲೆ ಬರುವ ಹಾಗೆ ಐದಡಿ ಅಗಲದ ಮಂಚ, ಪಶ್ಚಿಮದ ಗೋಡೆಗೆ ವಾರ್ಡ್‌ರೋಬ್, ಪೂರ್ವಕ್ಕೆ ಕಿಟಕಿ, ನಡುವೆ ಫ್ಯಾನು. ಜಿಪ್ಸಮ್ ಫಾಲ್ಸ್ ಸೀಲಿಂಗ್ ಮಾಡಿ 12 ವ್ಯಾಟಿನ 12 ಪ್ಯಾನೆಲ್ ಲೈಟು, ಸುತ್ತಲೂ ಸೀಲಿಂಗಿನ ಅಂಚಿನ ತೋಡಿನೊಳಗೆ ಕೋವ್ ಸ್ಟ್ರಿಪ್ (ಲೈಟಿನ ಪಟ್ಟಿ), ಎಲ್ಲ ಬಿಳಿ ಬೆಳಕು ಅಂತ ಒಳಾಂಗಣದವರು ಡ್ರಾಯಿಂಗ್ ಕೊಟ್ಟಿದ್ದಾರೆ. ನಮ್ಮ ಯಜಮಾನರಿಗೆ ರಾತ್ರಿ ಮಲಗಿಕೊಂಡು ಓದುವ ಅಭ್ಯಾಸ. ನಾನು ಬೆಳಿಗ್ಗೆ ಬೇಗ ಎದ್ದು ಕೆಲಸಕ್ಕೆ ಹೊರಡುವವಳು. ಈ ಪ್ಲಾನು ಸರಿಯಾ? ಎಷ್ಟು ಲೈಟು, ಎಲ್ಲೆಲ್ಲಿ ಹಾಕಿಸಬೇಕು?

ಉತ್ತರ: ನೀವು ಕಳಿಸಿದ ಡ್ರಾಯಿಂಗ್ ನೋಡಿದೆ. ಕಾಗದದ ಮೇಲೆ ಚೆಂದ ಉಂಟು. ಹನ್ನೆರಡು ಚೌಕಗಳು ಸಾಲಾಗಿ ಕೂತಿವೆ, ಒಂದು ಇಂಚು ಆಚೀಚೆ ಇಲ್ಲ. ಆದರೆ ಅದನ್ನು ಬರೆದವರು ಸೀಲಿಂಗ್ ನೋಡಿ ಬರೆದಿದ್ದಾರೆಯೇ ಹೊರತು ಮಂಚ ನೋಡಿ ಅಲ್ಲ. ಹಾಲಿನಲ್ಲಿ, ಅಡುಗೆಮನೆಯಲ್ಲಿ ನಾವು ಕೂತಿರುತ್ತೇವೆ ಅಥವಾ ನಿಂತಿರುತ್ತೇವೆ, ಕಣ್ಣು ಎದುರಿಗೆ ನೋಡುತ್ತಿರುತ್ತದೆ. ಅಂಗಾತ ಮಲಗಿ ನೇರ ಮೇಲೆ ನೋಡುವುದು ಮಲಗುವ ಕೋಣೆಯಲ್ಲಿ ಮಾತ್ರ. ಆದ್ದರಿಂದ ದಿಂಬಿನ ಮೇಲೆ ತಲೆಯಿಟ್ಟವರಿಗೆ ಏನು ಕಾಣುತ್ತದೆ ಎಂದು ಮೊದಲು ಕೇಳಿ, ಆಮೇಲೆ ಪೆನ್ಸಿಲ್ ಹಿಡಿಯಬೇಕು. ನಿಮ್ಮ ಡ್ರಾಯಿಂಗಿನಲ್ಲಿ ಎರಡು ಪ್ಯಾನೆಲ್‌ಗಳು ಸರಿಯಾಗಿ ದಿಂಬಿನ ನೆತ್ತಿಯ ಮೇಲೇ ಬಂದಿವೆ. ಅವನ್ನು ಹಾಕಿದಿರಾದರೆ ಮಲಗಿದ ಹೊತ್ತಿನಲ್ಲಿ ಒಂದು ದಿನವೂ ಉರಿಸಲಿಕ್ಕಿಲ್ಲ.

ಮೊದಲು ಬೆಳಕಿನ ಪ್ರಮಾಣ ನೋಡುವ. ವ್ಯಾಟಿನಲ್ಲಿ ಲೆಕ್ಕ ಹಾಕುವುದು ಗುಂಡು ಬಲ್ಬಿನ ಕಾಲದ ಅಭ್ಯಾಸ. ವ್ಯಾಟ್ ಅಂದರೆ ಲೈಟು ತಿನ್ನುವ ಕರೆಂಟು; ಕೊಡುವ ಬೆಳಕನ್ನು ಅಳೆಯುವುದು ಲುಮೆನ್‌ನಲ್ಲಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲುಮೆನ್ ಬಿದ್ದರೆ ಅದು ಒಂದು ಲಕ್ಸ್. ಒಳಾಂಗಣದ ಬೆಳಕಿಗೆ ನಮ್ಮಲ್ಲಿ ಐಎಸ್ 3646 ಎಂಬ ಭಾರತೀಯ ಮಾನಕ ಇದೆ. ಮನೆಯ ಮಲಗುವ ಕೋಣೆಗೆ ಅದು ಹೇಳುವುದು ಸುಮಾರು 50 ಲಕ್ಸ್, ಮಂಚದ ತಲೆಬದಿಗೆ 150. ಕಚೇರಿಗೆ ಅದೇ ಮಾನಕ ಹೇಳುವುದು 500.

ಈಗ ನಿಮ್ಮ ಕೋಣೆ. 12 ಅಡಿಗೆ 11 ಅಡಿ ಅಂದರೆ ಹನ್ನೆರಡೂಕಾಲು ಚದರ ಮೀಟರ್. ಪೇಟೆಯಲ್ಲಿ ಸಿಗುವ ಸಾಧಾರಣ ಒಳ್ಳೆಯ ಎಲ್‌ಇಡಿ ಡೌನ್‌ಲೈಟು ಒಂದು ವ್ಯಾಟಿಗೆ 90 ಲುಮೆನ್ ಆಸುಪಾಸು ಕೊಡುತ್ತದೆ. ಹನ್ನೆರಡು ಪ್ಯಾನೆಲ್ ಸೇರಿ 144 ವ್ಯಾಟ್, ಅಂದರೆ ಸುಮಾರು 13,000 ಲುಮೆನ್. ಇದೆಲ್ಲ ಕೆಳಗೆ ಮುಟ್ಟುವುದಿಲ್ಲ. ಗೋಡೆ, ಪರದೆ, ಕಪಾಟು ಒಂದಷ್ಟು ಹೀರಿಕೊಳ್ಳುತ್ತವೆ, ಧೂಳು ಮತ್ತು ವಯಸ್ಸು ಇನ್ನಷ್ಟು ಕಳೆಯುತ್ತವೆ. ಅರ್ಧಕ್ಕಿಂತ ತುಸು ಕಡಿಮೆ ಉಳಿಯಿತು ಅಂತ ಇಟ್ಟುಕೊಂಡರೂ 500 ಲಕ್ಸ್ ದಾಟುತ್ತದೆ. ಬ್ಯಾಂಕಿನ ಕೌಂಟರಿಗೆ ಸರಿ, ನಿದ್ದೆ ಮಾಡುವ ಜಾಗಕ್ಕೆ ಅಲ್ಲ. ಕೋವ್ ಸ್ಟ್ರಿಪ್ ಬೇರೆ ಬಾಕಿ ಉಂಟು.

ನನ್ನ ಲೆಕ್ಕ 100 ಲಕ್ಸಿನದು. ಮಾನಕದ ದುಪ್ಪಟ್ಟು, ಯಾಕೆಂದರೆ ನೀವು ಕಡು ಕಂದು ಬಣ್ಣದ ಲ್ಯಾಮಿನೇಟ್ ಆರಿಸಿದ್ದೀರಿ, ಅದು ಬೆಳಕು ನುಂಗುತ್ತದೆ. ಜೊತೆಗೆ ನಾವು ಯಾರೂ ಚಿಕ್ಕವರಾಗುತ್ತ ಹೋಗುವುದಿಲ್ಲ. ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಅರವತ್ತರ ಕಣ್ಣಿನ ಒಳಪರದೆಗೆ ತಲುಪುವುದು ಸುಮಾರು ಮೂರನೇ ಒಂದು ಪಾಲು ಬೆಳಕು. ಆ ಲೆಕ್ಕಕ್ಕೆ 7 ವ್ಯಾಟಿನ ನಾಲ್ಕು ಲೈಟು ಸಾಕು. 28 ವ್ಯಾಟ್, ಸುಮಾರು 2,500 ಲುಮೆನ್. ‘ಬೆಳಕು ಕಮ್ಮಿ ಆಗ್ತದೆ ಮೇಡಂ’ ಅಂತ ಒಳಾಂಗಣದವರು ಹೇಳಿಯೇ ಹೇಳುತ್ತಾರೆ. ವಯರಿಂಗಿನ ಮಜೂರಿ ಪಾಯಿಂಟ್ ಲೆಕ್ಕದಲ್ಲಿ ಇರುವುದರಿಂದ ಪಾಯಿಂಟ್ ಹೆಚ್ಚಿದಷ್ಟೂ ಅವರಿಗೆ ನಷ್ಟ ಇಲ್ಲ ಎಂಬುದು ನಿಮಗೆ ಗೊತ್ತಿದ್ದರೆ ಸಾಕು, ಜಗಳ ಬೇಡ.

ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಮುಖ್ಯ. ಇದರಲ್ಲಿ ನಮ್ಮ ಊರಿನಲ್ಲಿ ಕೊನೆಯ ತೀರ್ಪು ಕೊಡುವುದು ಫ್ಯಾನು. ಏಸಿ ಇದ್ದರೂ ಮಾರ್ಚಿನಿಂದ ಮೇ ತನಕದ ಸೆಕೆಗೆ ಫ್ಯಾನು ತಿರುಗುತ್ತಲೇ ಇರುತ್ತದೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲಿಕ್ಕಾದರೂ ತಿರುಗುತ್ತದೆ. ಲೈಟಿನ ಕಿರಣ ಫ್ಯಾನಿನ ರೆಕ್ಕೆಯ ಮೇಲೆ ಬಿತ್ತು ಅಂತಾದರೆ ಬೆಳಕನ್ನು ರೆಕ್ಕೆ ಕತ್ತರಿಸುತ್ತ ಹೋಗುತ್ತದೆ. ಮೂರು ರೆಕ್ಕೆಯ ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗಿದರೆ ಸೆಕೆಂಡಿಗೆ 15 ಸಲ ನೆರಳು ಹಾಯುತ್ತದೆ. ಕಣ್ಣಿಗೆ, ಮಿದುಳಿಗೆ ಅತಿ ಹೆಚ್ಚು ಕಿರಿಕಿರಿ ಮಾಡುವ ಮಿನುಗು ಹೆಚ್ಚುಕಡಿಮೆ ಇದೇ ವೇಗದ್ದು. ಕೆಲವು ಬಗೆಯ ಅಪಸ್ಮಾರ ಇರುವವರಿಗೆ ಇದು ಬರೀ ಕಿರಿಕಿರಿಯಾಗಿ ಉಳಿಯುವುದಿಲ್ಲ. ‘ಹೊಸ ಮನೆಯಲ್ಲಿ ರಾತ್ರಿ ತಲೆ ಭಾರ’ ಎಂದು ಹೇಳುವವರ ಮನೆಗೆ ಹೋದರೆ ನಾನು ಮೊದಲು ನೋಡುವುದು ಫ್ಯಾನಿಗೂ ಲೈಟಿಗೂ ನಡುವಿನ ಅಂತರವನ್ನು.

ಲೆಕ್ಕ ಕಷ್ಟದ್ದೇನಲ್ಲ. ಮನೆಗಳಲ್ಲಿ ಹಾಕುವ ಸಾಮಾನ್ಯ ಫ್ಯಾನಿನದು 1200 ಮಿ.ಮೀ. ವ್ಯಾಸ, ಅಂದರೆ ನಡುವಿನಿಂದ ರೆಕ್ಕೆಯ ತುದಿಗೆ ಎರಡು ಅಡಿ. ರೆಕ್ಕೆ ಸೀಲಿಂಗಿನಿಂದ ಒಂದು ಅಡಿ ಕೆಳಗೆ ತಿರುಗುತ್ತದೆ ಅಂತ ಇಟ್ಟುಕೊಳ್ಳಿ. 60 ಡಿಗ್ರಿ ಅಗಲಕ್ಕೆ ಬೆಳಕು ಹರಡುವ ಲೈಟಿನ ಕಿರಣ ಒಂದು ಅಡಿ ಇಳಿಯುವಷ್ಟರಲ್ಲಿ ಪಕ್ಕಕ್ಕೆ ಏಳು ಇಂಚು ಹರಡುತ್ತದೆ. ಹಾಗಾಗಿ ಫ್ಯಾನಿನ ನಡುವಿನಿಂದ ಎರಡು ಅಡಿ ಏಳು ಇಂಚು ದೂರದಾಚೆ ಲೈಟು ಇರಬೇಕು. ಅದೇ ನಿಮ್ಮ ಡ್ರಾಯಿಂಗಿನ 120 ಡಿಗ್ರಿಯ ಚಪ್ಪಟೆ ಪ್ಯಾನೆಲ್ ಆದರೆ ಹರಡು ಒಂದು ಅಡಿ ಒಂಬತ್ತು ಇಂಚು. ಮೂರು ಮುಕ್ಕಾಲು ಅಡಿ ದೂರ ಬೇಕು. ನಿಮ್ಮ ಕೋಣೆ ಪೂರ್ವ-ಪಶ್ಚಿಮಕ್ಕೆ 12 ಅಡಿ, ಅದರಲ್ಲಿ ಕಪಾಟು ಬೇರೆ ಎರಡು ಅಡಿ ತಿನ್ನುತ್ತದೆ. ಅಷ್ಟು ದೂರ ಬಿಟ್ಟರೆ ಪ್ಯಾನೆಲ್ ಕಪಾಟಿನ ಬಾಗಿಲಿನ ಅಂಚಿಗೇ ಅಂಟಿ ಕೂರುತ್ತದೆ. ಪ್ಯಾನೆಲ್ ಬೇಡ ಎನ್ನಲು ಇದೊಂದೇ ಕಾರಣ ಸಾಕು.

ಇನ್ನೊಂದು ಕಾರಣವೂ ಉಂಟು. ಚಪ್ಪಟೆ ಪ್ಯಾನೆಲಿನ ಮುಖವಿಡೀ ಹೊಳೆಯುತ್ತದೆ, ಯಾವ ಮೂಲೆಯಿಂದ ನೋಡಿದರೂ ಕಣ್ಣಿಗೆ ಹೊಡೆಯುತ್ತದೆ. ಅಂಗಡಿಯಲ್ಲಿ ‘ಡೀಪ್ ಸಿಒಬಿ’ ಅಥವಾ ‘ಆ್ಯಂಟಿ ಗ್ಲೇರ್’ ಎಂದು ಕೇಳಿ. ಬೆಳಕಿನ ಬಿಲ್ಲೆ ಒಂದೆರಡು ಇಂಚು ಒಳಗೆ ಹುದುಗಿರುತ್ತದೆ, ಸುತ್ತಲಿನ ತೋಳು ಅಡ್ಡ ಬೆಳಕನ್ನು ತಡೆಯುತ್ತದೆ. ಅದರ ಕಿರಣಕೋನ 60 ಡಿಗ್ರಿ ಇರಲಿ. ಅಂಗಡಿಯವರು ಹೊಳಪು ತೋರಿಸಲಿಕ್ಕೆ 24 ಡಿಗ್ರಿಯದ್ದನ್ನು ಉರಿಸಿ ತೋರಿಸುತ್ತಾರೆ. ಅದು ದೇವರ ಕೋಣೆಯ ಮೂರ್ತಿಗೆ, ಗೋಡೆಯ ಚಿತ್ರಕ್ಕೆ ಸರಿ. ಮಲಗುವ ಕೋಣೆಯ ನೆಲದಲ್ಲಿ ಅದು ಬೆಳಕಿನ ಚುಕ್ಕೆ ಬೀಳಿಸುತ್ತದೆ, ನಡುನಡುವೆ ಕತ್ತಲೆ ಬಿಡುತ್ತದೆ.

ಈಗ ದಿಂಬಿನ ಲೆಕ್ಕ. ಸ್ಲ್ಯಾಬಿನಿಂದ ಆರು ಇಂಚು ಇಳಿಸಿದರೆ ನಿಮ್ಮ ಫಾಲ್ಸ್ ಸೀಲಿಂಗ್ ಒಂಬತ್ತು ಅಡಿಗೆ ಬರುತ್ತದೆ. ಮಲಗಿದವರ ಕಣ್ಣು ನೆಲದಿಂದ ಎರಡು ಅಡಿ ಮೇಲೆ. ನಡುವೆ ಏಳು ಅಡಿ. 60 ಡಿಗ್ರಿಯ ಕಿರಣ ಏಳು ಅಡಿ ಇಳಿಯುವಾಗ ಪಕ್ಕಕ್ಕೆ ನಾಲ್ಕು ಅಡಿ ಹರಡಿರುತ್ತದೆ. ಅಂದರೆ ದಿಂಬಿನಿಂದ ಅಡ್ಡಕ್ಕೆ ನಾಲ್ಕು ಅಡಿಯ ಒಳಗೆ ಯಾವ ಲೈಟೂ ಇರಬಾರದು. ಕಿರಣದ ಅಂಚು ಕತ್ತರಿಸಿದ ಹಾಗೆ ನಿಲ್ಲುವುದಿಲ್ಲ ನಿಜ, ಅಂಚಿನಾಚೆಯೂ ಸ್ವಲ್ಪ ಹೊಳಪು ಇರುತ್ತದೆ. ಒಳಗೆ ಹುದುಗಿದ ಲೈಟು ತೆಗೆದುಕೊಳ್ಳಿ ಎಂದದ್ದು ಅದಕ್ಕೇ.

ಫ್ಯಾನು, ದಿಂಬು, ಕಪಾಟು ಮೂರರ ಲೆಕ್ಕವನ್ನೂ ಒಟ್ಟು ಮಾಡಿದಾಗ ನಿಮ್ಮ ಕೋಣೆಗೆ ಬರುವ ಜಾಗ ಇದು. ಕಪಾಟಿನ ಬದಿಯ ಎರಡು ಲೈಟು ಪಶ್ಚಿಮದ ಗೋಡೆಯಿಂದ ಮೂರೂಕಾಲು ಅಡಿ ಈಚೆಗೆ. ಕಿಟಕಿ ಬದಿಯ ಎರಡು, ಪೂರ್ವದ ಗೋಡೆಯಿಂದ ಎರಡು ಅಡಿಗೆ. ಎರಡೂ ಜೋಡಿಗೆ ತಲೆಬದಿಯ ಗೋಡೆಯಿಂದ ಅಂತರ ಒಂದೇ: ಮೊದಲನೆಯದು ನಾಲ್ಕು ಮುಕ್ಕಾಲು ಅಡಿಗೆ, ಎರಡನೆಯದು ಎಂಟು ಮುಕ್ಕಾಲು ಅಡಿಗೆ. ಫ್ಯಾನು ಕೋಣೆಯ ಸರೀ ನಡುವಿಗೆ, ಮಂಚ ಕಪಾಟಿಗೂ ಪೂರ್ವದ ಗೋಡೆಗೂ ನಡುವೆ ಸಮವಾಗಿ ಇದೆ ಎಂದು ಹಿಡಿದು ಹಾಕಿದ ಲೆಕ್ಕ ಇದು. ಫ್ಯಾನಿನ ಹುಕ್ಕು ಆಚೀಚೆ ಇದ್ದರೆ ಹೊಸತಾಗಿ ಅಳೆಯಿರಿ. ಈ ಲೆಕ್ಕದಲ್ಲಿ ತಲೆಬದಿಯ ಸೀಲಿಂಗ್ ಖಾಲಿ ಉಳಿಯುತ್ತದೆ. ‘ಒಂದು ಕಡೆಗೆ ಜರುಗಿದ ಹಾಗೆ ಕಾಣುವುದಿಲ್ಲವಾ?’ ಎಂದರೆ ಹಗಲು ಬಾಗಿಲಲ್ಲಿ ನಿಂತು ಹುಡುಕಿದರೆ ಕಂಡೀತು. ಮಲಗಿದವರಿಗೆ ಕಾಣುವುದು ಖಾಲಿ ಬಿಳಿ ಸೀಲಿಂಗ್, ನಮಗೆ ಬೇಕಾದ್ದೂ ಅದೇ.

ಕಪಾಟಿನ ಬದಿಗೆ ಮೂರೂಕಾಲು ಅಡಿ ಯಾಕೆಂದು ಕೇಳಬಹುದು. ಹೆಚ್ಚಿನವರು ಕಪಾಟು ಬರುವ ಮೊದಲೇ ಖಾಲಿ ಗೋಡೆಯಿಂದ ಎರಡು ಅಡಿ ಅಳೆದು ತೂತು ಹೊಡೆಸುತ್ತಾರೆ. ಆಮೇಲೆ ಎರಡು ಅಡಿ ಆಳದ ಕಪಾಟು ಬಂದು ನಿಲ್ಲುತ್ತದೆ. ಲೈಟು ಅದರ ಬಾಗಿಲಿನ ಅಂಚಿಗೇ ಅಂಟಿಕೊಂಡು ಬೆಳಗುವುದು ಕಪಾಟಿನ ತಲೆಯನ್ನು. ಗೋಡೆಯಿಂದಲ್ಲ, ಕಪಾಟಿನ ಬಾಗಿಲಿನಿಂದ ಅಳೆಯಬೇಕು. ಬಾಗಿಲಿನಿಂದ ಒಂದೂಕಾಲು ಅಡಿ ಮುಂದೆ ಇದ್ದರೆ ಕಿರಣ ಆರು ಮುಕ್ಕಾಲು ಅಡಿ ಎತ್ತರದಿಂದ ಕೆಳಗೆ ಪೂರ್ತಿ ಒಳಕ್ಕೆ ಬೀಳುತ್ತದೆ, ನೀವು ನಿಂತರೂ ನಿಮ್ಮ ನೆರಳು ಬಟ್ಟೆಯ ಮೇಲೆ ಬೀಳುವುದಿಲ್ಲ.

ಈ ಜೋಡಿಗೆ ಮಾತ್ರ ಸ್ವಲ್ಪ ಹೆಚ್ಚು ಹಣ ಹಾಕಿ ಸಿಆರ್‌ಐ 90ರ ಲೈಟು ತೆಗೆದುಕೊಳ್ಳಿ. ಬಣ್ಣವನ್ನು ಹಗಲಿನಲ್ಲಿ ಕಂಡ ಹಾಗೆ ತೋರಿಸುವ ಗುಣದ ಅಳತೆ ಅದು. ಸಾಮಾನ್ಯ ಲೈಟಿನದು 80 ಇರುತ್ತದೆ. ಮುಖ್ಯವಾಗಿ ಕೆಂಪು ಬಣ್ಣ 80ರಲ್ಲಿ ಸಪ್ಪೆಯಾಗುತ್ತದೆ. ಮುಂಜಾನೆ ಕಪ್ಪು ಅಂದುಕೊಂಡು ಉಟ್ಟ ಸೀರೆ ಬಸ್ಸಿನಲ್ಲಿ ಕೂತಾಗ ಕಡು ನೀಲಿಯಾಗುವುದು, ಉಡುಪಿ ಕೈಮಗ್ಗದ ಸೀರೆಯ ಸೆರಗಿಗೆ ಹೊಂದುವ ರವಿಕೆ ಸಿಗದೆ ಹೋಗುವುದು, ಇದೆಲ್ಲ ಕಡಿಮೆಯಾಗುತ್ತದೆ.

‘ಎಲ್ಲ ಬಿಳಿ’ ಎಂದರಲ್ಲ, ಆ ಬಿಳಿ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ಹಳದಿ). ನಮ್ಮ ಊರಿನವರಿಗೆ ಟ್ಯೂಬ್‌ಲೈಟಿನ ಕಾಲದಿಂದ ಅಂಟಿದ ರುಚಿ ಇದು. ಹಳದಿ ಬೆಳಕು ಎಂದರೆ ಬಡವರ ಮನೆ, ಚಿಮಿಣಿ ದೀಪ ಎಂಬ ಭಾವನೆ ಹಿರಿಯರಲ್ಲಿ ಈಗಲೂ ಇದೆ. ಆದರೆ ಕಣ್ಣಿನ ಒಳಪರದೆಯಲ್ಲಿ ನೋಡುವ ಕೆಲಸದ ಜೊತೆಗೆ ಹಗಲು-ರಾತ್ರಿಯ ಸುದ್ದಿ ಮುಟ್ಟಿಸುವ ಬೇರೆ ಜೀವಕೋಶಗಳಿವೆ. 480 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ರಾತ್ರಿ ಹತ್ತು ಗಂಟೆಗೆ ಆ ಬೆಳಕು ಜೋರಾಗಿ ಬಿದ್ದರೆ ಇನ್ನೂ ಹಗಲು ಎಂದೇ ಮಿದುಳು ತಿಳಿಯುತ್ತದೆ, ನಿದ್ದೆಯ ಹೊತ್ತನ್ನು ಸಾರುವ ಮೆಲಟೋನಿನ್ ಸ್ರಾವ ತಗ್ಗುತ್ತದೆ. 6500 ಕೆಲ್ವಿನ್ ಬೆಳಕಿನಲ್ಲಿ ಈ ನೀಲಿ ಅಂಶ ಹೆಚ್ಚು. 3000 ಕೆಲ್ವಿನ್ ತೆಗೆದುಕೊಳ್ಳಿ, ಕೋಣೆಯ ಎಲ್ಲ ಲೈಟೂ ಅದೇ ಇರಲಿ. ಒಂದು ಬದಿ ಹಳದಿ, ಒಂದು ಬದಿ ಬಿಳಿ ಮಾಡಿದರೆ ಗೋಡೆ ಕೊಳೆಯಾದ ಹಾಗೆ ಕಾಣುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಹುಳಗಳು ಕಿಟಕಿಯಿಂದ ನುಗ್ಗುವುದು ನಿಮಗೆ ಗೊತ್ತಿದ್ದದ್ದೇ. ನೀಲಿ ಕಡಿಮೆ ಇರುವ ಬೆಳಕಿಗೆ ಅವು ಅಷ್ಟಾಗಿ ಮುತ್ತುವುದಿಲ್ಲ.

ಸ್ವಿಚ್ ಹಾಕಿ ತೆಗೆದರೆ ಬಣ್ಣ ಬದಲಾಗುವ ತ್ರೀ-ಇನ್-ಒನ್ ಲೈಟು ಹಾಕಿಸಲಾ ಎಂದು ಕೆಲವರು ಕೇಳುತ್ತಾರೆ. ನನ್ನ ಮಟ್ಟಿಗೆ ಬೇಡ. ಮಳೆಗಾಲದಲ್ಲಿ ಕರೆಂಟು ಒಂದು ಕ್ಷಣ ಹೋಗಿ ಬಂದರೂ ಅದು ಸ್ವಿಚ್ ಒತ್ತಿದ್ದಾರೆ ಅಂದುಕೊಳ್ಳುತ್ತದೆ. ನಾಲ್ಕರಲ್ಲಿ ಒಂದು ತಪ್ಪಿ ಬೇರೆ ಬಣ್ಣಕ್ಕೆ ಹೋಯಿತೆಂದರೆ ಮತ್ತೆ ಸರಿ ಮಾಡಲಿಕ್ಕೆ ಸ್ವಿಚ್ಚಿನ ಜೊತೆ ಕುಸ್ತಿ.

ನಿಮ್ಮ ಯಜಮಾನರ ಓದಿಗೆ ಸೀಲಿಂಗಿನಲ್ಲಿ ಉತ್ತರ ಹುಡುಕಬೇಡಿ. ಮಲಗಿ ಓದುವಾಗ ಪುಸ್ತಕ ಮುಖದ ಮೇಲೆ ಇರುತ್ತದೆ, ಮೇಲಿನ ಬೆಳಕು ಬೀಳುವುದು ಅದರ ರಟ್ಟಿನ ಮೇಲೆ. ಓದುವವರಿಗೆ ಸಿಗುವುದು ನೆರಳು, ಪಕ್ಕದಲ್ಲಿ ಮಲಗಿದ ನಿಮಗೆ ಸಿಗುವುದು ಬೆಳಕು. ತಲೆಬದಿಯ ಗೋಡೆಯಲ್ಲಿ ಮಂಚದ ಎರಡೂ ಕಡೆ ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಕುತ್ತಿಗೆ ತಿರುಗಿಸಬಹುದಾದ 3 ವ್ಯಾಟಿನ ರೀಡಿಂಗ್ ಲೈಟು ಒಂದೊಂದು, ಅದರದರ ಸ್ವಿಚ್ ಅದರದರ ಬದಿಯಲ್ಲಿ. ಇದಕ್ಕೆ ಗೋಡೆಯಲ್ಲಿ ಪೈಪು ಈಗಲೇ ಹಾಕಿಸಬೇಕು. ಪೈಂಟ್ ಆದ ಮೇಲೆ ನೆನಪಾದರೆ ಗೋಡೆ ಕೊರೆದು, ಸಾರಣೆ ಮಾಡಿ, ಮತ್ತೆ ಪೈಂಟ್. ಸೊಳ್ಳೆಪರದೆ ಕಟ್ಟುವವರಾದರೆ ಲೈಟಿನ ತಲೆ ಪರದೆಯ ಒಳಗೆ ಬರುವ ಹಾಗೆ ನೋಡಿಕೊಳ್ಳಿ. ಪರದೆಯ ಹೊರಗಿನಿಂದ ಬಿದ್ದ ಬೆಳಕಿಗೆ ಬಲೆಯೆಲ್ಲ ಬೆಳ್ಳಗೆ ಹೊಳೆದು ಅಕ್ಷರ ಮಸುಕಾಗುತ್ತದೆ.

ಸ್ವಿಚ್ಚಿನ ವಿಂಗಡಣೆಯಲ್ಲಿ ನೀವಿಬ್ಬರೂ ಒಬ್ಬರ ನಿದ್ದೆ ಇನ್ನೊಬ್ಬರು ಕೆಡಿಸದೆ ಬದುಕಬಹುದು. ಕಪಾಟಿನ ಜೋಡಿಗೆ ಒಂದು ಸ್ವಿಚ್, ಕಿಟಕಿ ಜೋಡಿಗೆ ಇನ್ನೊಂದು. ಬೆಳಿಗ್ಗೆ ನಿಮಗೆ ಕಪಾಟಿನ ಜೋಡಿ ಮಾತ್ರ ಸಾಕು. ಕಿಟಕಿ ಜೋಡಿಗೆ ಬಾಗಿಲ ಬಳಿಯೂ ಮಂಚದ ಬಳಿಯೂ ಟೂ-ವೇ ಸ್ವಿಚ್ ಹಾಕಿಸಿ. ಇನ್‌ವರ್ಟರ್ ಲೈನಿಗೆ ಕಪಾಟಿನ ಜೋಡಿ, ರೀಡಿಂಗ್ ಲೈಟು, ಫ್ಯಾನು. ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ಬೇಕೆನಿಸಿದರೆ ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟು ಕೊಡುವ ಸಣ್ಣ ಪೆಟ್ಟಿಗೆ) ಮೇಲೆ ಡಿಮ್ ಮಾಡಬಹುದು ಎಂದು ಬರೆದಿರಲೇಬೇಕು. ಸಾಮಾನ್ಯ ಡ್ರೈವರಿಗೆ ಡಿಮ್ಮರ್ ಹಾಕಿದರೆ ಲೈಟು ಮಿನುಗುತ್ತದೆ, ಗುಂಯ್ ಎನ್ನುತ್ತದೆ, ಬೇಗ ಸಾಯುತ್ತದೆ. ಇಷ್ಟು ವಿಂಗಡಿಸಿದ ಮೇಲೆ ಅದರ ಅಗತ್ಯ ನನಗಂತೂ ಕಾಣುವುದಿಲ್ಲ.

ಕೋವ್ ಸ್ಟ್ರಿಪ್ ವಿಷಯ. ಸುತ್ತಲೂ ಸುಮಾರು 12 ಮೀಟರ್, ಮೀಟರಿಗೆ 10 ವ್ಯಾಟಿನದ್ದು ಹಾಕಿದರೆ 120 ವ್ಯಾಟ್! ಇದನ್ನು ಅಲಂಕಾರ ಅನ್ನಬೇಕೋ ಎರಡನೇ ಸೂರ್ಯ ಅನ್ನಬೇಕೋ. ಜೊತೆಗೆ ಕೋವಿನ ತೋಡು ನಮ್ಮ ಊರಿನಲ್ಲಿ ಧೂಳು, ಸತ್ತ ಹುಳ, ಹಲ್ಲಿಯ ಹಿಕ್ಕೆ ಎಲ್ಲದರ ಉಗ್ರಾಣ, ಲೈಟು ಹಾಕಿದಾಗ ಅವುಗಳ ನೆರಳೇ ಸೀಲಿಂಗಿನ ಮೇಲೆ ಮೂಡುತ್ತದೆ. ಆಸೆ ಇದ್ದರೆ ತಲೆಬದಿಯ ಒಂದೇ ಗೋಡೆಗೆ, ಮೀಟರಿಗೆ 5 ವ್ಯಾಟಿನದ್ದು ಹಾಕಿಸಿ. ಮಲಗಿದವರ ಕಣ್ಣಿಗೆ ಪಟ್ಟಿ ನೇರ ಕಾಣದಷ್ಟು ಅಂಚು ಎತ್ತರ ಇರಲಿ. ಪಟ್ಟಿಯನ್ನು ಅಲ್ಯೂಮಿನಿಯಂ ಪ್ರೊಫೈಲಿನೊಳಗೆ ಕೂರಿಸಬೇಕು. ಬರೇ ಗಮ್ಮಿಗೆ ಅಂಟಿಸಿದ್ದು ಆಟಿ ತಿಂಗಳ (ಜುಲೈ-ಆಗಸ್ಟ್) ತೇವಕ್ಕೆ ಬಿಟ್ಟು ನೇತಾಡುತ್ತದೆ.

ಈಗ ಸೀಲಿಂಗಿನ ಮೇಲ್ಬದಿ. ಕಾಣದ ಜಾಗ, ಹಾಗಾಗಿ ಹೆಚ್ಚು ಗಮನ ಬೇಡುವ ಜಾಗ. ನಿಮ್ಮದು ಕೊನೆಯ ಮಹಡಿ ಎಂದಿರಿ. ತಾರಸಿಯ ಮೇಲೆ ಶೀಟು ಹಾಕಿಲ್ಲ ಎಂದಾದರೆ ಒಂದು ಮಳೆಗಾಲ ಕಳೆಯದೆ ಫಾಲ್ಸ್ ಸೀಲಿಂಗ್ ಹಾಕಿಸಬೇಡಿ ಎಂಬುದು ನನ್ನ ಖಡಾಖಂಡಿತ ಮಾತು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಹತ್ತಿರ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸ್ಲ್ಯಾಬು ಎಲ್ಲಿ ಸೋರುತ್ತದೆ ಎಂದು ಆ ನಾಲ್ಕು ತಿಂಗಳು ತಾನಾಗಿ ತೋರಿಸಿಕೊಡುತ್ತದೆ. ಬೋರ್ಡು ಮುಚ್ಚಿದ ಮೇಲಾದರೆ ನೀರು ಒಳಗೊಳಗೇ ಹರಿದು ತಗ್ಗಾದ ಜಾಗ ಹುಡುಕುತ್ತದೆ, ಮತ್ತು ಲೈಟಿಗೆ ಹೊಡೆದ ತೂತಿಗಿಂತ ಒಳ್ಳೆಯ ದಾರಿ ಅದಕ್ಕೆ ಬೇರೆ ಸಿಗುವುದಿಲ್ಲ. ವಯರಿಂಗ್ ಪೈಪುಗಳನ್ನು ಮಾತ್ರ ಈಗ ಎಳೆಸಿಡಿ, ಲೈಟು ಬರುವ ಜಾಗದಲ್ಲಿ ಹೋಲ್ಡರ್ ತೂಗಿಸಿ ಮಳೆಗಾಲ ದಾಟಿಸಿ. ಕಾಯುವ ಅಗತ್ಯ ಇಲ್ಲದವರು, ಮೇಲೆ ಇನ್ನೊಂದು ಮನೆ ಇರುವವರು, ಪತ್ತನಾಜೆಗೆ (ಮೇ ತಿಂಗಳ ಕೊನೆಯ ವಾರದ ಸುಮಾರಿಗೆ) ಮೊದಲೇ ಕೆಲಸ ಮುಗಿಸುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ಹಾಕಿದ ಜಿಪ್ಸಮ್ ಜೋಡಣೆಯ ಪುಟ್ಟಿ ಒಣಗುವುದೇ ಇಲ್ಲ, ಬೂಸ್ಟು ಹಿಡಿಯುತ್ತದೆ. ಮಾಮೂಲಿ ಬೋರ್ಡಿನ ಬದಲು ತೇವ ತಡೆಯುವ ಬೋರ್ಡು ಕೇಳಿ, ಅದರ ಕಾಗದ ಸಾಮಾನ್ಯವಾಗಿ ಹಸಿರು ಬಣ್ಣದ್ದು.

ಕೊನೆಯ ಮಹಡಿಯ ಇನ್ನೊಂದು ತೊಂದರೆ ಬಿಸಿ. ಏಪ್ರಿಲ್ ಬಿಸಿಲಿಗೆ ಸ್ಲ್ಯಾಬು ಕಾದು, ಫಾಲ್ಸ್ ಸೀಲಿಂಗಿನ ಮೇಲಿನ ಆರು ಇಂಚಿನಲ್ಲಿ ಗಾಳಿಯಾಡದೆ, ಲೈಟಿನ ಡ್ರೈವರ್ ಬೇಯುತ್ತದೆ. ಎಲ್‌ಇಡಿ ಹೋಯಿತು ಎಂದು ನಾವು ಹೇಳುವಾಗ ಹೆಚ್ಚಾಗಿ ಹೋಗಿರುವುದು ಎಲ್‌ಇಡಿ ಅಲ್ಲ, ಡ್ರೈವರಿನೊಳಗಿನ ಕೆಪಾಸಿಟರ್. ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಅದರ ಆಯುಷ್ಯ ಸುಮಾರು ಅರ್ಧ ಆಗುತ್ತದೆ ಎಂಬುದು ಇಂಜಿನಿಯರುಗಳ ರೂಢಿಯ ಲೆಕ್ಕ. ಹಾಗಾಗಿ ಡ್ರೈವರ್ ಬೇರೆಯಾಗಿ ಸಿಗುವ, ಬದಲಿಸಬಹುದಾದ ಲೈಟನ್ನೇ ತೆಗೆದುಕೊಳ್ಳಿ. ಆ ಡ್ರೈವರ್ ಲೈಟಿನ ತೂತಿನಿಂದ ಹೊರಗೆ ಬರುವಷ್ಟು ಸಪುರ ಇದೆಯಾ ಎಂದು ಅಂಗಡಿಯಲ್ಲೇ ನೋಡಿ. ಮೂರು ಇಂಚಿನ ತೂತಿನ ಮೇಲೆ ನಾಲ್ಕು ಇಂಚು ಅಗಲದ ಡ್ರೈವರ್ ಇಟ್ಟು ಬೋರ್ಡು ಮುಚ್ಚಿದವರು ಆಮೇಲೆ ಸೀಲಿಂಗ್ ಒಡೆದದ್ದುಂಟು. ಪ್ರತಿ ಲೈಟಿನ ಬಳಿ ಒಂದು ಅಡಿ ವಯರು ಹೆಚ್ಚಿಗೆ ಬಿಡಿಸಿ, ಕೆಳಗೆ ಎಳೆದು ರಿಪೇರಿ ಮಾಡಲಿಕ್ಕೆ.

ವೋಲ್ಟೇಜ್ ಏರಿಳಿತ ಇರುವ ಕಡೆ 100ರಿಂದ 300 ವೋಲ್ಟ್ ತಡೆಯುವ ಡ್ರೈವರ್ ಒಳ್ಳೆಯದು. ಡಬ್ಬಿಯ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇರಬೇಕು. ಮಳೆಗೆ ಮುಂಚಿನ ಏಪ್ರಿಲ್-ಮೇ ತಿಂಗಳು, ಮಳೆ ಹಿಂದೆಗೆಯುವ ಅಕ್ಟೋಬರ್ ತಿಂಗಳು ನಮ್ಮಲ್ಲಿ ಸಿಡಿಲಿನ ಕಾಲ. ಡಿಬಿಯಲ್ಲಿ (ಮನೆಯ ಎಂಸಿಬಿಗಳ ಪೆಟ್ಟಿಗೆ) ವೋಲ್ಟೇಜಿನ ಹಠಾತ್ ಜಿಗಿತ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಆದರೆ ಕಟ್ಟಡದ ಅರ್ಥಿಂಗ್ ಸರಿ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಕೈಕೊಡುವುದರಿಂದ ಸೊಸೈಟಿಯವರ ಹತ್ತಿರ ಆ ಸಮಯದಲ್ಲೇ ಅಳತೆ ಮಾಡಿಸಲು ಹೇಳಿ. ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಲೈಟಿನ ಒಂದು ಸರ್ಕ್ಯೂಟಿಗೆ ಫ್ಯಾನು, ಸಣ್ಣ ಪ್ಲಗ್ಗು ಸೇರಿ ಹತ್ತು ಪಾಯಿಂಟ್, 800 ವ್ಯಾಟ್ ಮಿತಿ ಎಂಬುದು ವಯರಿಂಗ್ ನಿಯಮ. ನಿಮಗೆ ಬಂದ ಡ್ರಾಯಿಂಗಿನಲ್ಲಿ ಅದೂ ಮೀರಿದೆ. ಬೋರ್ಡಿನ ಮೇಲೆ ವಯರನ್ನು ಹೊಸೆದು ಕರಿ ಟೇಪು ಸುತ್ತಿ ಬಿಡಲು ಬಿಡಬೇಡಿ, ಆ ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಕನೆಕ್ಟರ್, ಜಂಕ್ಷನ್ ಬಾಕ್ಸ್, ಪೈಪಿನೊಳಗಿನ ವಯರು, ಇಷ್ಟೇ. ಫ್ಯಾನು ಸ್ಲ್ಯಾಬಿನ ಹುಕ್ಕಿಗೆ ಉದ್ದ ರಾಡಿನಲ್ಲಿ ನೇತಾಡಬೇಕು. ಅದರ ಭಾರ ಜಿಪ್ಸಮ್ಮಿಗೆ ತಾಗಲೂಬಾರದು.

ಸುರತ್ಕಲ್, ಪಣಂಬೂರು, ಮಲ್ಪೆ ಕಡೆ ಸಮುದ್ರಕ್ಕೆ ತಾಗಿದ ಮನೆಯವರಿಗೆ ಒಂದು ಮಾತು: ಉಪ್ಪುಗಾಳಿಗೆ ಮೊದಲು ಸಾಯುವುದು ಲೈಟನ್ನು ಹಿಡಿದಿಡುವ ಸ್ಪ್ರಿಂಗ್. ಸ್ಟೇನ್‌ಲೆಸ್ ಸ್ಪ್ರಿಂಗಿನದ್ದು ಹುಡುಕಿ. ಇನ್ನು ಹಂಚಿನ ಮನೆಯಲ್ಲಿ ಮರದ ಮುಚ್ಚಿಗೆ ಇರುವವರು ಇದನ್ನೆಲ್ಲ ಓದಿ ಹಲಗೆಗೆ ತೂತು ಹೊಡೆಸಬೇಡಿ. ಮೇಲೆ ಇಲಿ, ಧೂಳು, ಒಣಗಿದ ಮರ, ಅದರ ನಡುವೆ ಬಿಸಿಯಾಗುವ ಡ್ರೈವರ್ ಇಡುವುದು ಜಾಣತನ ಅಲ್ಲ. ಹಲಗೆಯ ಕೆಳಗೇ ಕೂರುವ ಸರ್ಫೇಸ್ ಲೈಟು ಹಾಕಿ.

ತೂತು ಹೊಡೆಸುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಮಂಚ, ಕಪಾಟು, ಅದರ ತೆರೆದ ಬಾಗಿಲು ಎಲ್ಲವನ್ನೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ನಾಲ್ಕು ಲೈಟಿನ ಜಾಗಕ್ಕೆ ಅಡ್ಡಗೆರೆ ಹಾಕಿ. ತಲೆಬದಿಯಲ್ಲಿ ಚಾಪೆ ಹಾಸಿ ಯಜಮಾನರನ್ನು ಮಲಗಿಸಿ, ಇನ್ನೊಬ್ಬರು ಏಣಿ ಹತ್ತಿ ಆ ಜಾಗಗಳಿಂದ ಮೊಬೈಲ್ ಟಾರ್ಚ್ ಕೆಳಗೆ ಬಿಡಲಿ. ಫ್ಯಾನನ್ನೂ ತಿರುಗಿಸಿ. ಟಾರ್ಚಿನ ಬೆಳಕು 60 ಡಿಗ್ರಿಗಿಂತ ಅಗಲ ಹರಡುವುದರಿಂದ ಇದು ಕಠಿಣ ಪರೀಕ್ಷೆಯೇ, ಆದರೆ ಇದರಲ್ಲಿ ಪಾಸಾದ ಜಾಗ ಆಮೇಲೆ ತೊಂದರೆ ಕೊಡುವುದಿಲ್ಲ. ಬೋರ್ಡು ಮುಚ್ಚುವ ಹಿಂದಿನ ದಿನ ಟೇಪು ಹಿಡಿದು ಪ್ರತಿ ಪೈಪು, ಪ್ರತಿ ಜಂಕ್ಷನ್ ಬಾಕ್ಸಿನ ಫೋಟೊ ತೆಗೆದಿಡಿ. ಲೈಟು ಕೊಳ್ಳುವಾಗ ನಾಲ್ಕರ ಜೊತೆಗೆ ಒಂದು ಲೈಟು, ಎರಡು ಡ್ರೈವರ್ ಹೆಚ್ಚಿಗೆ ಕೊಳ್ಳಿ. ಕಂಪೆನಿಯವರು ಮಾಡೆಲ್ ಬದಲಿಸುತ್ತ ಇರುತ್ತಾರೆ, ತೂತಿನ ಅಳತೆ ಐದು ಮಿ.ಮೀ. ಬೇರೆಯಾದರೂ ಹೊಸ ಲೈಟು ಅಲ್ಲಿ ಕೂರುವುದಿಲ್ಲ. ಬಿಲ್ಲಿನ ಹಿಂದೆ ಕಟ್‌ಔಟ್ ಅಳತೆ, ಕೆಲ್ವಿನ್, ಕಿರಣಕೋನ ಮೂರನ್ನೂ ಅಂಗಡಿಯವರ ಕೈಯಲ್ಲೇ ಬರೆಸಿಕೊಳ್ಳಿ.